ಒಂದು ಹಳ್ಳಿ, ಹಲವು ಆಡಳಿತ: ಡರ್ಬಿಶೈರ್ ಡೇಲ್ಸ್‌ನಲ್ಲಿ ಯಾರ ಕೆಲಸ ಯಾರದು

ಇಂಗ್ಲೆಂಡಿನ ನಡುಭಾಗದಲ್ಲಿ, ಶೆಫೀಲ್ಡ್ ನಗರದ ನೈಋತ್ಯಕ್ಕೂ ಡರ್ಬಿ ನಗರದ ವಾಯವ್ಯಕ್ಕೂ ಹಬ್ಬಿಕೊಂಡಿರುವ ಗುಡ್ಡಗಾಡು ಪ್ರದೇಶವೊಂದಕ್ಕೆ ಡರ್ಬಿಶೈರ್ ಡೇಲ್ಸ್ ಎಂದು ಹೆಸರು. ಆಡಳಿತದ ಲೆಕ್ಕದಲ್ಲಿ ಇದೊಂದು ಡಿಸ್ಟ್ರಿಕ್ಟ್, ಅಂದರೆ ಡರ್ಬಿಶೈರ್ ಎಂಬ ದೊಡ್ಡ ಕೌಂಟಿಯೊಳಗಿನ ಒಂದು ಭಾಗ. ವಿಸ್ತೀರ್ಣ ಸುಮಾರು 790 ಚದರ ಕಿಲೋಮೀಟರ್. 2021ರ ಜನಗಣತಿಯಲ್ಲಿ ಇಲ್ಲಿ ಸಿಕ್ಕ ಜನ 71,000ಕ್ಕಿಂತ ತುಸು ಹೆಚ್ಚು. ಅಂದರೆ ಇದು ನಮ್ಮ ಕಡೆಯ ಒಂದು ತಾಲೂಕಿನ ಅಳತೆಯ ನೆಲ; ಜನಸಂಖ್ಯೆ ಮಾತ್ರ ಅದಕ್ಕಿಂತ ಬಹಳ ಕಡಿಮೆ. ಮ್ಯಾಟ್‌ಲಾಕ್, ಆಶ್‌ಬರ್ನ್, ಬೇಕ್‌ವೆಲ್, ವರ್ಕ್ಸ್‌ವರ್ತ್ ಎಂಬ ನಾಲ್ಕು ಪೇಟೆಗಳು, ಅವುಗಳ ಸುತ್ತ ಕಲ್ಲುಗೋಡೆಗಳ ನಡುವೆ ಚದುರಿದ ಹಳ್ಳಿಗಳು, ಕುರಿ ಮತ್ತು ಹಸುಗಳ ಹುಲ್ಲುಗಾವಲು, ಕಲ್ಲುಗಣಿ, ವಾರಾಂತ್ಯದಲ್ಲಿ ನಗರಗಳಿಂದ ಹರಿದುಬರುವ ಪ್ರವಾಸಿಗರು. ಮೇಲ್ನೋಟಕ್ಕೆ ಸರಳವಾಗಿ ಕಾಣುವ ಈ ಸಣ್ಣ ಪ್ರದೇಶವನ್ನು ಆಳುವವರು ಯಾರು ಎಂದು ಕೇಳಿದರೆ ಉತ್ತರ ಮಾತ್ರ ಅಷ್ಟು ಸರಳವಲ್ಲ.

ಬೇಕ್‌ವೆಲ್ ಪೇಟೆಯ ಒಬ್ಬ ನಿವಾಸಿಯನ್ನು ಎಣಿಸಿಕೊಳ್ಳೋಣ. ಆತನ ಮನೆಯ ಕಸವನ್ನು ಒಯ್ಯುವುದು ಡಿಸ್ಟ್ರಿಕ್ಟ್ ಕೌನ್ಸಿಲ್. ಒಯ್ದ ಕಸವನ್ನು ಏನು ಮಾಡಬೇಕೆಂದು ತೀರ್ಮಾನಿಸುವುದು ಮತ್ತು ವಿಲೇವಾರಿ ಮಾಡುವುದು ಕೌಂಟಿ ಕೌನ್ಸಿಲ್. ಮನೆಯ ಮುಂದಿನ ರಸ್ತೆಯಲ್ಲಿ ಗುಂಡಿ ಬಿದ್ದರೆ ಕೌಂಟಿಗೆ ದೂರು ಕೊಡಬೇಕು. ಮಗುವಿನ ಶಾಲೆಯ ಸೀಟು, ವಯಸ್ಸಾದ ತಾಯಿಯ ಆರೈಕೆ, ಗ್ರಂಥಾಲಯ ಇವೂ ಕೌಂಟಿಯವು. ಹೋಟೆಲಿನ ಅಡುಗೆಮನೆಯ ಶುಚಿತ್ವ, ಮದ್ಯದ ಪರವಾನಗಿ, ಮತದಾರರ ಪಟ್ಟಿ, ಇರಲು ಮನೆಯಿಲ್ಲದವರ ಅರ್ಜಿ ಇವು ಡಿಸ್ಟ್ರಿಕ್ಟಿನವು. ಆತ ತನ್ನ ಮನೆಗೆ ಒಂದು ಕೋಣೆ ಸೇರಿಸಬೇಕೆಂದರೆ ಈ ಎರಡೂ ಕಡೆ ಹೋಗುವಂತಿಲ್ಲ. ಅನುಮತಿ ಕೊಡಬೇಕಾದದ್ದು ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನ ಪ್ರಾಧಿಕಾರ. ಊರಿನ ಆಟದ ಬಯಲು, ಕಲ್ಲುಬೆಂಚು, ತರಕಾರಿ ಬೆಳೆಯಲು ಬಾಡಿಗೆಗೆ ಕೊಡುವ ತುಂಡುನೆಲ ಇಂಥವನ್ನು ನೋಡಿಕೊಳ್ಳುವುದು ಟೌನ್ ಕೌನ್ಸಿಲ್. ಬಸ್ಸಿನ ವ್ಯವಸ್ಥೆ ಈಚಿನ ವರ್ಷಗಳಲ್ಲಿ ಕೌಂಟಿಯ ಕೈಯಿಂದ, ಮೇಯರ್ ನೇತೃತ್ವದ ಈಸ್ಟ್ ಮಿಡ್‌ಲ್ಯಾಂಡ್ಸ್ ಪ್ರಾಧಿಕಾರದತ್ತ ಸರಿಯುತ್ತಿದೆ. ವಾಹನ ನಿಲ್ಲಿಸುವ ವಿಚಾರದಲ್ಲಂತೂ ಈ ಹಂಚಿಕೆ ತಮಾಷೆಯ ಮಟ್ಟಕ್ಕೆ ಹೋಗುತ್ತದೆ: ಪಾರ್ಕಿಂಗ್ ಮೈದಾನದಲ್ಲಿ ಕಟ್ಟಿದ ಶುಲ್ಕ ಡಿಸ್ಟ್ರಿಕ್ಟಿಗೆ, ಅದರ ಎದುರಿನ ರಸ್ತೆಯಂಚಿನ ಹಳದಿ ಗೆರೆಯ ಮೇಲೆ ನಿಲ್ಲಿಸಿದ್ದಕ್ಕೆ ತೆತ್ತ ದಂಡ ಕೌಂಟಿಗೆ.

ಇದನ್ನು ಮೆಟ್ಟಿಲುಗಳಂತೆ, ಅಂದರೆ ಕೆಳಗಿನದನ್ನು ಮೇಲಿನದು ನಿಯಂತ್ರಿಸುವ ಏಣಿಯಂತೆ ಕಲ್ಪಿಸಿಕೊಂಡರೆ ಎಡವುತ್ತೇವೆ. ಗ್ರಾಮ, ತಾಲೂಕು, ಜಿಲ್ಲಾ ಪಂಚಾಯಿತಿಗಳ ಮಾದರಿಯನ್ನು ಕಂಡವರಿಗೆ ಹಾಗೆ ಅನ್ನಿಸುವುದು ಸಹಜವೇ. ಆದರೆ ಇಲ್ಲಿ ಕೌಂಟಿಯು ಡಿಸ್ಟ್ರಿಕ್ಟಿಗೆ ಆದೇಶ ಕೊಡುವಂತಿಲ್ಲ, ಡಿಸ್ಟ್ರಿಕ್ಟು ಪ್ಯಾರಿಷ್‌ನ, ಅಂದರೆ ಊರಮಟ್ಟದ ಅತಿ ಚಿಕ್ಕ ಘಟಕದ, ಮೇಲಧಿಕಾರಿಯಲ್ಲ. ಪ್ರತಿಯೊಂದಕ್ಕೂ ಸಂಸತ್ತಿನ ಕಾಯ್ದೆಯಿಂದ ನೇರವಾಗಿ ಬಂದ ತನ್ನದೇ ಕೆಲಸಗಳಿವೆ. ಈ ಗಡಿಗಳು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಉದ್ದೇಶಕ್ಕೆ ಎಳೆದ ಗೆರೆಗಳು. ಒಂದು ಚರ್ಚಿನ ಸಲುವಾಗಿ ಹುಟ್ಟಿತು, ಒಂದು ಬಡವರಿಗೆ ಅನ್ನ ಹಾಕುವ ಸಲುವಾಗಿ, ಒಂದು ಚರಂಡಿಯ ಸಲುವಾಗಿ, ಮತ್ತೊಂದು ನಗರದ ಕಾರ್ಮಿಕರಿಗೆ ಗುಡ್ಡ ಹತ್ತುವ ಅವಕಾಶ ಕೊಡುವ ಸಲುವಾಗಿ. ಹಳೆಯದನ್ನು ಅಳಿಸದೆ ಹೊಸದನ್ನು ಅದರ ಮೇಲೆಯೇ ಬರೆದದ್ದರಿಂದ ಇಂದಿನ ನಕ್ಷೆ ಹೀಗಾಗಿದೆ. ಹಾಗಾಗಿ ಇದನ್ನು ಅರ್ಥಮಾಡಿಕೊಳ್ಳಲು ಊರುಗಳು ಎಲ್ಲಿ, ಯಾಕೆ ಹುಟ್ಟಿದವು ಎಂಬಲ್ಲಿಂದಲೇ ಹೊರಡುವುದು ಒಳ್ಳೆಯದು.

ನೀರು, ಸೀಸ, ಶ್ರೀಮಂತ ಮನೆತನ, ಗಿರಣಿ

ಸುಣ್ಣಕಲ್ಲು ಮಳೆನೀರನ್ನು ಮೇಲೆ ನಿಲ್ಲಲು ಬಿಡುವುದಿಲ್ಲ. ಡರ್ಬಿಶೈರ್ ಡೇಲ್ಸ್‌ನ ಬಹುಭಾಗ ಇಂಥ ಕಲ್ಲಿನ ಪ್ರಸ್ಥಭೂಮಿಯಾದ್ದರಿಂದ, ಚಿಲುಮೆ ಎಲ್ಲಿ ಚಿಮ್ಮುತ್ತದೆಯೋ ಅಥವಾ ಜೇಡಿಮಣ್ಣಿನ ಪದರದಿಂದಾಗಿ ನೀರು ಎಲ್ಲಿ ನಿಲ್ಲುತ್ತದೆಯೋ ಅಲ್ಲೇ ಹಳ್ಳಿಗಳು ಒತ್ತೊತ್ತಾಗಿ ಕಟ್ಟಿಕೊಂಡವು. ಮಾನ್ಯಾಶ್ ಎಂಬ ಹಳ್ಳಿ ಎತ್ತರದಲ್ಲಿದ್ದೂ ಬದುಕಿದ್ದು ಅದರ ಜೇಡಿಮಣ್ಣಿನ ತಳದ ಕೆರೆಗಳಿಂದ. ಯೂಲ್‌ಗ್ರೇವ್ ಹಳ್ಳಿಯ ನಡುವೆ 1829ರಲ್ಲಿ ಕಟ್ಟಿದ ದುಂಡನೆಯ ಕಲ್ಲಿನ ತೊಟ್ಟಿಯೊಂದು ಇಂದಿಗೂ ಇದೆ. ಚಿಲುಮೆಯ ನೀರನ್ನು ಕೊಳವೆಯಲ್ಲಿ ಊರೊಳಗೆ ತಂದು ಅಲ್ಲಿ ತುಂಬಿಸುತ್ತಿದ್ದರು. ದೇಶದ ಉಳಿದೆಡೆ ದೊಡ್ಡ ಕಂಪನಿಗಳು ನೀರು ಪೂರೈಸುತ್ತಿದ್ದರೂ ಈ ಹಳ್ಳಿ ಮಾತ್ರ ತನ್ನದೇ ಸಣ್ಣ ನೀರಿನ ಕಂಪನಿಯನ್ನು ಉಳಿಸಿಕೊಂಡು ಬಂದಿದೆ. ಸ್ಥಳೀಯ ಆಡಳಿತವೆಂದರೆ ಚುನಾಯಿತ ಮಂಡಳಿ ಮಾತ್ರವಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಉದಾಹರಣೆ ಈ ಪ್ರದೇಶದಲ್ಲಿ ಒಂದೇ ಒಂದಿದೆ, ಅದು ವರ್ಕ್ಸ್‌ವರ್ತ್‌ನದು.

ವರ್ಕ್ಸ್‌ವರ್ತ್‌ನ ಸುತ್ತ ನೆಲದಡಿ ಸೀಸದ ಅದಿರು ಇತ್ತು. ರಾಜನ ನೆಲವೆಂದು ಗುರುತಿಸಿದ ಪ್ರದೇಶದಲ್ಲಿ ಯಾರು ಬೇಕಾದರೂ ಅದಿರು ಹುಡುಕಬಹುದು, ಸಿಕ್ಕ ಅದಿರಿನ ಒಂದು ಪಾಲನ್ನು ರಾಜನಿಗೆ ಸಲ್ಲಿಸಬೇಕು ಎಂಬುದು ಹಳೆಯ ಪದ್ಧತಿ. ಈ ಹಕ್ಕುಗಳ ಜಗಳ ಬಗೆಹರಿಸಲು ಗಣಿಗಾರರದೇ ಪಂಚರಿರುವ ನ್ಯಾಯಾಲಯವೊಂದು ಹುಟ್ಟಿತು. ಅದರ ಹೆಸರು ಬಾರ್‌ಮೋಟ್. ಅದಿರು ಅಳೆಯಲು 1513ರಲ್ಲಿ ಮಾಡಿಸಿದ ಕಂಚಿನ ಅಳತೆಪಾತ್ರೆ ಅದರ ವಶದಲ್ಲಿದೆ. 1852ರ ಕಾಯ್ದೆಯೊಂದು ಇದರ ನಿಯಮಗಳನ್ನು ಒಪ್ಪಗೊಳಿಸಿತು. ಗಣಿಗಾರಿಕೆ ನಿಂತುಹೋದರೂ ನ್ಯಾಯಾಲಯ ವರ್ಕ್ಸ್‌ವರ್ತ್‌ನಲ್ಲಿ ಸಭೆ ಸೇರುವುದನ್ನು ಬಿಟ್ಟಿಲ್ಲ. ಪಂಚರಿಗೆ ಬ್ರೆಡ್ಡು, ಚೀಸು, ಮಣ್ಣಿನ ಚಿಲುಮೆಯಲ್ಲಿ ಹೊಗೆಸೊಪ್ಪು ಕೊಡುವ ರೂಢಿಯೂ ಉಳಿದುಬಂದಿದೆ. ಸೀಸದ ದುಡಿಮೆ ಇನ್ನೊಂದು ಗುರುತನ್ನೂ ಉಳಿಸಿ ಹೋಯಿತು. ವರ್ಷದ ಅರ್ಧ ಗಣಿ, ಅರ್ಧ ಹೊಲ ಎಂದು ಬದುಕಿದ ಕುಟುಂಬಗಳ ಪುಟ್ಟ ಜಮೀನುಗಳು, ಒಂಟಿಮನೆಗಳು ಹಳ್ಳಿಗಳ ಅಂಚಿನಲ್ಲಿ ಈಗಲೂ ಕಾಣುತ್ತವೆ.

ಕೆಲವು ಹಳ್ಳಿಗಳನ್ನು ಒಂದೇ ಮನೆತನ ರೂಪಿಸಿತು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಡ್ಯೂಕರಲ್ಲಿ ಆರನೆಯವನು 1830ರ ದಶಕದ ಕೊನೆಯಿಂದ ಎಡೆನ್ಸರ್ ಎಂಬ ಹಳ್ಳಿಯನ್ನು ಈಗಿರುವ ಜಾಗದಲ್ಲಿ ಹೊಸದಾಗಿ, ಒಂದೊಂದು ಮನೆಗೂ ಒಂದೊಂದು ಶೈಲಿ ಕೊಟ್ಟು ಕಟ್ಟಿಸಿದ. ಅರಮನೆಯ ಕಿಟಕಿಯಿಂದ ಕಾಣುತ್ತಿದ್ದ ಹಳೆಯ ಮನೆಗಳು ಹೋದವು. ಟಿಸಿಂಗ್‌ಟನ್ ಹಳ್ಳಿ ಫಿಟ್ಸ್‌ಹರ್ಬರ್ಟ್ ಮನೆತನದ ಆಸ್ತಿಯಾಗಿ ಉಳಿದುಬಂತು. ಇಂಥ ಊರುಗಳಲ್ಲಿ ಮನೆ ಯಾರಿಗೆ ಬಾಡಿಗೆಗೆ ಸಿಗಬೇಕು, ಬಾಗಿಲಿಗೆ ಯಾವ ಬಣ್ಣ ಹಚ್ಚಬೇಕು ಎಂಬುದರಲ್ಲಿ ಭೂಮಾಲೀಕನ ಮಾತಿಗಿರುವ ತೂಕ ಯಾವ ಕೌನ್ಸಿಲಿಗೂ ಇಲ್ಲ.

ಕ್ರಾಮ್‌ಫರ್ಡ್‌ನ ಕಥೆ ಬೇರೆ. ರಿಚರ್ಡ್ ಆರ್ಕ್‌ರೈಟ್ 1771ರಲ್ಲಿ ಅಲ್ಲಿ ನೀರಿನ ಬಲದಿಂದ ಹತ್ತಿಯ ನೂಲು ತೆಗೆಯುವ ಗಿರಣಿ ಹೂಡಿ, ಕೆಲಸಗಾರರಿಗಾಗಿ ಬೀದಿಯನ್ನೇ ಕಟ್ಟಿಸಿದ. ಅದೀಗ 2001ರಲ್ಲಿ ಘೋಷಣೆಯಾದ ಡರ್ವೆಂಟ್ ಕಣಿವೆಯ ವಿಶ್ವ ಪರಂಪರೆಯ ತಾಣದ ಭಾಗ. ಮ್ಯಾಟ್‌ಲಾಕ್ ಬೆಳೆದದ್ದು ತಣ್ಣೀರಿನ ಚಿಕಿತ್ಸೆಯಿಂದ. ಜಾನ್ ಸ್ಮೆಡ್ಲಿ ಗುಡ್ಡದ ಇಳಿಜಾರಿನಲ್ಲಿ 1850ರ ದಶಕದಲ್ಲಿ ಆರಂಭಿಸಿದ ಚಿಕಿತ್ಸಾಲಯ ನೂರು ವರ್ಷ ನಡೆದು 1950ರ ದಶಕದಲ್ಲಿ ಮುಚ್ಚಿತು. ಆ ವಿಶಾಲವಾದ ಕಟ್ಟಡವನ್ನು ಕೊಂಡ ಡರ್ಬಿಶೈರ್ ಕೌಂಟಿ ಕೌನ್ಸಿಲ್ ಡರ್ಬಿಯಿಂದ ತನ್ನ ಕೇಂದ್ರವನ್ನು ಅಲ್ಲಿಗೆ ಸಾಗಿಸಿತು. ಇಡೀ ಕೌಂಟಿಯ ಆಡಳಿತ ಹತ್ತು ಸಾವಿರದ ಆಸುಪಾಸಿನ ಜನರಿರುವ ಪೇಟೆಯಿಂದ ನಡೆಯತೊಡಗಿದ್ದರ ಹಿಂದೆ ಘನವಾದ ಯೋಜನೆಯೇನೂ ಇರಲಿಲ್ಲ, ಖಾಲಿ ಬಿದ್ದ ಕಟ್ಟಡವೊಂದಿತ್ತು. ಅದೇ ಪೇಟೆಯಲ್ಲಿ, ಅದೇ ಗುಡ್ಡದ ಕೆಳಭಾಗದಲ್ಲಿ ಡಿಸ್ಟ್ರಿಕ್ಟ್ ಕೌನ್ಸಿಲಿನ ಟೌನ್ ಹಾಲ್ ಇದೆ. ಅರ್ಜಿ ಹಿಡಿದು ತಪ್ಪು ಬಾಗಿಲು ತಟ್ಟಿದವರು ಇಳಿಜಾರು ಹತ್ತಿ ಇಳಿಯಬೇಕಾಗುತ್ತದೆ.

ಪ್ಯಾರಿಷ್: ಅತಿ ಚಿಕ್ಕದು, ಅತಿ ಹಳೆಯದು

ಇಂಗ್ಲಿಷ್ ಕಾನೂನಿನಲ್ಲಿ ಹಳ್ಳಿಗೆ ಯಾವ ಸ್ಥಾನವೂ ಇಲ್ಲ. ಕಾನೂನಿಗೆ ಗೊತ್ತಿರುವುದು ಪ್ಯಾರಿಷ್. ಅದು ಮೊದಲು ಒಂದು ಚರ್ಚಿಗೆ ಸೇರಿದ, ಆ ಚರ್ಚಿಗೆ ಬೆಳೆಯ ಹತ್ತನೆಯ ಒಂದು ಪಾಲು ಸಲ್ಲಿಸಬೇಕಾದ ನೆಲವಾಗಿತ್ತು. 1601ರ ಬಡವರ ಕಾಯ್ದೆ ಆ ನೆಲದ ಮೇಲೆ ಲೌಕಿಕ ಹೊಣೆಯನ್ನೂ ಹೊರಿಸಿತು: ತನ್ನ ಬಡವರನ್ನು ಆಯಾ ಪ್ಯಾರಿಷ್ ತಾನೇ ಸಾಕಬೇಕು, ಅದಕ್ಕಾಗಿ ತೆರಿಗೆ ಎತ್ತಬಹುದು. ಬೆಟ್ಟಗುಡ್ಡಗಳ ಉತ್ತರ ಪ್ರದೇಶಗಳಲ್ಲಿ ಚರ್ಚಿನ ಪ್ಯಾರಿಷ್‌ಗಳು ತೀರ ದೊಡ್ಡವಿದ್ದವು. ಬೇಕ್‌ವೆಲ್‌ನ ಒಂದೇ ಚರ್ಚಿನ ಆಡಳಿತಕ್ಕೆ ಹಲವಾರು ಹಳ್ಳಿಗಳು ಒಳಪಟ್ಟಿದ್ದವು; ಹಾಗಾಗಿ ಬಡವರ ತೆರಿಗೆಯನ್ನು ಒಂದೊಂದು ಹಳ್ಳಿಯೂ ಬೇರೆಬೇರೆಯಾಗಿ ಎತ್ತತೊಡಗಿತು. 1866ರಲ್ಲಿ ಸಂಸತ್ತು, ಹಾಗೆ ಪ್ರತ್ಯೇಕ ತೆರಿಗೆ ಎತ್ತುವ ಪ್ರತಿಯೊಂದು ತುಂಡನ್ನೂ ಸ್ವತಂತ್ರ ಪ್ಯಾರಿಷ್ ಎಂದೇ ಪರಿಗಣಿಸಿತು. ಎಪ್ಪತ್ತು ಸಾವಿರದಷ್ಟು ಜನರಿರುವ ಈ ಡಿಸ್ಟ್ರಿಕ್ಟಿನಲ್ಲಿ ಇಂದು ನೂರರ ಆಸುಪಾಸಿನಲ್ಲಿ ಪ್ಯಾರಿಷ್‌ಗಳಿರುವುದಕ್ಕೆ ಕಾರಣ ಇಷ್ಟೇ. ಹಾರ್ಟಿಂಗ್‌ಟನ್‌ನ ಹಳೆಯ ಪ್ಯಾರಿಷ್ ನಾಲ್ಕು ಭಾಗಗಳಾಗಿ ಒಡೆಯಿತು. ಅವುಗಳ ಹೆಸರು ಟೌನ್ ಕ್ವಾರ್ಟರ್, ನೆದರ್ ಕ್ವಾರ್ಟರ್, ಮಿಡ್ಲ್ ಕ್ವಾರ್ಟರ್, ಅಪ್ಪರ್ ಕ್ವಾರ್ಟರ್. ಮೊದಲ ಮೂರು ಡರ್ಬಿಶೈರ್ ಡೇಲ್ಸ್‌ನಲ್ಲಿವೆ, ನಾಲ್ಕನೆಯದು ಪಕ್ಕದ ಹೈ ಪೀಕ್ ಡಿಸ್ಟ್ರಿಕ್ಟಿನಲ್ಲಿದೆ. ಗ್ರಿಂಡಲ್‌ಫರ್ಡ್‌ನಂಥ ಕಡೆ ಇದಕ್ಕೆ ತದ್ವಿರುದ್ಧ: ರೈಲು ಬಂದ ಮೇಲೆ ಬೆಳೆದ ಊರು ಹಳೆಯ ಹಲವು ಪುಟ್ಟ ಪ್ಯಾರಿಷ್‌ಗಳಲ್ಲಿ ಹರಿದು ಹಂಚಿಹೋಗಿತ್ತು, ಅವನ್ನೆಲ್ಲ ಸೇರಿಸಿ ಊರಿನ ಹೆಸರಿನಲ್ಲೇ ಒಂದು ಪ್ಯಾರಿಷ್ ಮಾಡಿದ್ದು ಬಹಳ ತಡವಾಗಿ.

ಹಳೆಯ ಪ್ಯಾರಿಷ್ ತನ್ನ ಜನರ ಮೇಲೆ ಎಷ್ಟು ಹಿಡಿತ ಹೊಂದಿತ್ತು ಎಂಬುದಕ್ಕೆ ಈಯಮ್ ಹಳ್ಳಿ ಸಾಕ್ಷಿ. 1665ರಲ್ಲಿ ಪ್ಲೇಗ್ ತಗುಲಿದಾಗ ಪಾದ್ರಿ ವಿಲಿಯಂ ಮಾಂಪೆಸನ್, ಮತಭೇದದಿಂದ ಆ ಸ್ಥಾನ ಕಳೆದುಕೊಂಡಿದ್ದ ಹಿಂದಿನ ಪಾದ್ರಿ ಥಾಮಸ್ ಸ್ಟ್ಯಾನ್ಲಿಯ ಬೆಂಬಲ ಪಡೆದು, 1666ರ ಬೇಸಿಗೆಯಲ್ಲಿ ಊರಿನವರು ಗಡಿ ದಾಟದಂತೆ ಒಪ್ಪಿಸಿದ. ಡೆವನ್‌ಶೈರ್ ಮನೆತನದವರು ಆಹಾರ ಕಳಿಸಿದರು. ಗಡಿಕಲ್ಲಿನ ಕುಳಿಗಳಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯಗಳನ್ನು ಇಡುತ್ತಿದ್ದರೆಂಬ ಮಾತಿದೆ. ಸಾಂಪ್ರದಾಯಿಕ ಲೆಕ್ಕದ ಪ್ರಕಾರ 260 ಜನ ಸತ್ತರು. ಹೊರಗಿನ ಯಾವ ಅಧಿಕಾರಿಯ ಆದೇಶವೂ ಇಲ್ಲದೆ ಪ್ಯಾರಿಷ್ ತನ್ನ ಗಡಿಯನ್ನು ತಾನೇ ಮುಚ್ಚಿಕೊಂಡಿತ್ತು.

ಆ ಅಧಿಕಾರ ಕ್ರಮೇಣ ಕರಗಿತು. 1834ರ ಹೊಸ ಬಡವರ ಕಾಯ್ದೆ ಪ್ಯಾರಿಷ್‌ಗಳನ್ನು ಗುಂಪುಗೂಡಿಸಿ, ಗುಂಪಿಗೊಂದು ದುಡಿಮೆಮನೆ (ಬಡವರನ್ನು ಇರಿಸಿಕೊಂಡು ದುಡಿಸುವ ಮನೆ) ಕಟ್ಟಿಸಿ, ಅದನ್ನು ಬೇರೆ ಮಂಡಳಿಯ ಕೈಗಿತ್ತಿತು. 1888ರ ಕಾಯ್ದೆಯಿಂದ ಚುನಾಯಿತ ಕೌಂಟಿ ಕೌನ್ಸಿಲ್‌ಗಳು ಬಂದವು. 1894ರ ಕಾಯ್ದೆ ಪಾದ್ರಿ ಮತ್ತು ಜಮೀನುದಾರರ ಹಳೆಯ ಸಭೆಯಿಂದ ಲೌಕಿಕ ಕೆಲಸಗಳನ್ನು ಕಿತ್ತು, ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗಳಿಗೆ ಒಪ್ಪಿಸಿತು. ಮಹಿಳೆಯರು ಅಲ್ಲಿ ಮತ ಹಾಕುವ, ಆಯ್ಕೆಯಾಗುವ ಹಕ್ಕನ್ನೂ ಪಡೆದರು. ಸಂಸತ್ತಿನ ಚುನಾವಣೆಯಲ್ಲಿ ಅವರಿಗೆ ಮತ ದೊರೆತದ್ದು ಅದಾಗಿ 24 ವರ್ಷಗಳ ಮೇಲೆ.

ಇಂದಿನ ಪ್ಯಾರಿಷ್ ಕೌನ್ಸಿಲಿಗೆ ಕನಿಷ್ಠ ಐವರು ಸದಸ್ಯರಿರಬೇಕು. ಸಾಮಾನ್ಯವಾಗಿ ಅವರಿಗೆ ಸಂಬಳವಿಲ್ಲ. ಸಂಬಳ ಪಡೆಯುವುದು ಕ್ಲರ್ಕ್ ಮಾತ್ರ, ಅದೂ ಬಹಳ ಕಡೆ ವಾರಕ್ಕೆ ಕೆಲವೇ ಗಂಟೆಗಳ ಕೆಲಸಕ್ಕೆ. ಸ್ಮಶಾನ, ಆಟದ ಬಯಲು, ಸಮುದಾಯ ಭವನ, ಬಸ್ ತಂಗುದಾಣ, ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಮರಳಿನ ಪೆಟ್ಟಿಗೆ ಇಂಥವು ಅದರ ಲೋಕ. ಬೇಕಿದ್ದರೆ ಪ್ಯಾರಿಷ್ ಕೌನ್ಸಿಲ್ ತನ್ನನ್ನು ಟೌನ್ ಕೌನ್ಸಿಲ್ ಎಂದು, ತನ್ನ ಅಧ್ಯಕ್ಷರನ್ನು ಮೇಯರ್ ಎಂದು ಕರೆದುಕೊಳ್ಳಬಹುದು. ಮ್ಯಾಟ್‌ಲಾಕ್, ಬೇಕ್‌ವೆಲ್, ಡಾರ್ಲಿ ಡೇಲ್ ಹಾಗೆಯೇ ಮಾಡಿಕೊಂಡಿವೆ. ಹೆಸರು ದೊಡ್ಡದಾದರೂ ಅಧಿಕಾರ ಅಷ್ಟೇ. ತೀರ ಸಣ್ಣ ಪ್ಯಾರಿಷ್‌ಗಳಿಗೆ ಕೌನ್ಸಿಲೇ ಇರುವುದಿಲ್ಲ. ಅಲ್ಲಿ ಮತದಾರರೆಲ್ಲರೂ ವರ್ಷಕ್ಕೆ ಕನಿಷ್ಠ ಎರಡು ಸಲ ಸಭೆ ಸೇರುತ್ತಾರೆ, ಆ ಸಭೆಯೇ ಆಡಳಿತ. ನೇರ ಪ್ರಜಾಪ್ರಭುತ್ವ ಎಂದು ಇದನ್ನು ಹೊಗಳುವವರಿದ್ದಾರೆ. ಆದರೆ ಹಳ್ಳಿಗಾಡಿನ ಪ್ಯಾರಿಷ್ ಕೌನ್ಸಿಲುಗಳಲ್ಲಿ ಚುನಾವಣೆಗೆ ನಿಲ್ಲುವವರ ಸಂಖ್ಯೆ ಸ್ಥಾನಗಳಿಗಿಂತ ಕಡಿಮೆಯಿರುವುದೇ ಹೆಚ್ಚು, ಖಾಲಿ ಉಳಿದ ಸ್ಥಾನಗಳಿಗೆ ಇದ್ದವರೇ ಬೇರೊಬ್ಬರನ್ನು ಕರೆದು ಕೂರಿಸಿಕೊಳ್ಳುವುದು ದಿನನಿತ್ಯದ ಮಾತು. ಮತಪೆಟ್ಟಿಗೆಯನ್ನೇ ಕಾಣದ ಕೌನ್ಸಿಲನ್ನು ಚುನಾಯಿತ ಸಂಸ್ಥೆ ಎನ್ನಲು ನನಗಂತೂ ಸ್ವಲ್ಪ ಹಿಂಜರಿಕೆಯಿದೆ.

1974ರಲ್ಲಿ ಹುಟ್ಟಿದ ಡಿಸ್ಟ್ರಿಕ್ಟ್

ಡರ್ಬಿಶೈರ್ ಡೇಲ್ಸ್ ಎಂಬ ಘಟಕಕ್ಕೆ ಹೆಚ್ಚು ವಯಸ್ಸಾಗಿಲ್ಲ. 1894ರ ಕಾಯ್ದೆ ಪೇಟೆಗಳಿಗೊಂದು, ಸುತ್ತಲಿನ ಹಳ್ಳಿಗಳಿಗೊಂದು ಎಂದು ಡಿಸ್ಟ್ರಿಕ್ಟುಗಳನ್ನು ಬೇರೆಬೇರೆ ಮಾಡಿತ್ತು. ಒಳಚರಂಡಿ, ಕುಡಿಯುವ ನೀರು, ಸಾರ್ವಜನಿಕ ಆರೋಗ್ಯ ಆಗ ಅವುಗಳ ಮುಖ್ಯ ಕಾಳಜಿ. 1972ರ ಕಾಯ್ದೆ ಈ ಭೇದವನ್ನು ತೆಗೆದುಹಾಕಿತು. ಆಶ್‌ಬರ್ನ್, ಬೇಕ್‌ವೆಲ್, ಮ್ಯಾಟ್‌ಲಾಕ್, ವರ್ಕ್ಸ್‌ವರ್ತ್ ಎಂಬ ನಾಲ್ಕು ಪೇಟೆ ಡಿಸ್ಟ್ರಿಕ್ಟುಗಳೂ ಆಶ್‌ಬರ್ನ್ ಮತ್ತು ಬೇಕ್‌ವೆಲ್ ಎಂಬ ಎರಡು ಗ್ರಾಮೀಣ ಡಿಸ್ಟ್ರಿಕ್ಟುಗಳೂ ಸೇರಿ 1974ರ ಏಪ್ರಿಲ್ 1ರಂದು ವೆಸ್ಟ್ ಡರ್ಬಿಶೈರ್ ಎಂಬ ಹೊಸ ಡಿಸ್ಟ್ರಿಕ್ಟಾಯಿತು. ಪ್ರವಾಸಿಗರ ಕಿವಿಗೆ ಇಂಪಾದ ಈಗಿನ ಹೆಸರು ಬಂದದ್ದು 1980ರ ದಶಕದ ಉತ್ತರಾರ್ಧದಲ್ಲಿ.

ಹೀಗೆ ಜೋಡಿಸಿದ ನಾಲ್ಕು ಪೇಟೆಗಳಿಗೆ ಪರಸ್ಪರ ಅಷ್ಟೇನೂ ನಂಟಿರಲಿಲ್ಲ. ಆಶ್‌ಬರ್ನ್‌ನವರ ಮುಖ ಡರ್ಬಿಯತ್ತ, ಉತ್ತರದ ಹ್ಯಾದರ್ಸೇಜ್ ಹಳ್ಳಿಯವರದು ರೈಲಿನಲ್ಲಿ ಶೆಫೀಲ್ಡಿನತ್ತ. ಬೇಕ್‌ವೆಲ್ ಮೂಲಕ ಹೋಗುತ್ತಿದ್ದ ಮ್ಯಾಂಚೆಸ್ಟರ್ ರೈಲುಮಾರ್ಗ 1968ರಲ್ಲಿ ಮುಚ್ಚಿತು. ಡರ್ಬಿಯಿಂದ ಬರುವ ರೈಲು ಮ್ಯಾಟ್‌ಲಾಕ್‌ನಲ್ಲೇ ನಿಲ್ಲುತ್ತದೆ, ಮುಂದಿನ ಹಾದಿಯ ಒಂದು ಭಾಗ ಈಗ ರಾಷ್ಟ್ರೀಯ ಉದ್ಯಾನದ ನಡೆದಾಡುವ ದಾರಿ. ಒಂದೇ ಪೇಟೆಯೊಳಗೂ ನಿಷ್ಠೆಗಳು ಬೇರೆಯಾಗಬಲ್ಲವು ಎಂಬುದನ್ನು ಆಶ್‌ಬರ್ನ್ ಪ್ರತಿವರ್ಷ ತೋರಿಸುತ್ತದೆ. ಲೆಂಟ್ ಉಪವಾಸ ಆರಂಭವಾಗುವ ಹಿಂದಿನ ದಿನ ಮತ್ತು ಆ ದಿನ ಅಲ್ಲಿ ನಡೆಯುವ ಚೆಂಡಾಟದಲ್ಲಿ, ಹೆನ್‌ಮೋರ್ ತೊರೆಯ ಯಾವ ದಂಡೆಯಲ್ಲಿ ಹುಟ್ಟಿದವರು ಎಂಬುದರ ಮೇಲೆ ಊರು ಎರಡು ಪಾಳಯವಾಗುತ್ತದೆ. ಎರಡು ಗೋಲುಗಳ ನಡುವಿನ ದೂರ ಸುಮಾರು ಮೂರು ಮೈಲಿ. ಆ ಗಡಿಯನ್ನು ಯಾವ ಕಾಯ್ದೆಯೂ ಗುರುತಿಸಿಲ್ಲ.

ಡಿಸ್ಟ್ರಿಕ್ಟ್ ಕೌನ್ಸಿಲಿಗೆ ಈಗ 34 ಸದಸ್ಯರು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ದೀರ್ಘಕಾಲ ಕನ್ಸರ್ವೇಟಿವ್ ಪಕ್ಷದ ಹಿಡಿತದಲ್ಲಿದ್ದ ಕೌನ್ಸಿಲಿನಲ್ಲಿ 2023ರ ಮೇ ಚುನಾವಣೆಯ ನಂತರ ಯಾರಿಗೂ ಬಹುಮತ ಬರಲಿಲ್ಲ. ಲಿಬರಲ್ ಡೆಮಾಕ್ರಾಟ್, ಲೇಬರ್, ಗ್ರೀನ್ ಪಕ್ಷಗಳು ಕೂಡಿ ಆಡಳಿತ ವಹಿಸಿಕೊಂಡವು. ಕೌಂಟಿಯಲ್ಲಿ 2025ರ ಮೇ ತಿಂಗಳಲ್ಲಿ ರಿಫಾರ್ಮ್ ಯುಕೆ ಪಕ್ಷ ಗೆದ್ದಿತು. ಒಂದೇ ಹಳ್ಳಿಯ ಕಸ ಎತ್ತುವವರ ರಾಜಕೀಯ ಒಂದು, ಅದನ್ನು ವಿಲೇವಾರಿ ಮಾಡುವವರ ರಾಜಕೀಯ ಇನ್ನೊಂದು.

ಉದ್ಯಾನದ ಗೆರೆ

ಇಷ್ಟೆಲ್ಲ ಗಡಿಗಳ ನಡುವೆ ಹಳ್ಳಿಗಳ ಬದುಕನ್ನು ಎಲ್ಲಕ್ಕಿಂತ ಹೆಚ್ಚು ಬದಲಿಸಿದ ಗಡಿ, ನನ್ನ ಎಣಿಕೆಯಲ್ಲಿ, ರಾಷ್ಟ್ರೀಯ ಉದ್ಯಾನದ್ದು. 1932ರಲ್ಲಿ ಮ್ಯಾಂಚೆಸ್ಟರಿನ ಕಾರ್ಮಿಕ ಯುವಕರು ಶ್ರೀಮಂತರ ಬೇಟೆಯ ಕಾವಲಾಗಿದ್ದ ಕಿಂಡರ್ ಸ್ಕೌಟ್ ಗುಡ್ಡವನ್ನು ನಿಷೇಧ ಮೀರಿ ಹತ್ತಿದರು, ಕೆಲವರು ಜೈಲಿಗೂ ಹೋದರು. ಇಂಥ ಚಳವಳಿಗಳ ಒತ್ತಡದಿಂದ 1949ರ ಕಾಯ್ದೆ ಬಂತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಉದ್ಯಾನವೆಂದರೆ ಕಾಡುಪ್ರಾಣಿಗಳ ಅಭಯಾರಣ್ಯವಲ್ಲ, ಸರ್ಕಾರಿ ಭೂಮಿಯೂ ಅಲ್ಲ. ಸುಮಾರು 1,437 ಚದರ ಕಿಲೋಮೀಟರಿನ ಈ ಪ್ರದೇಶದಲ್ಲಿ ಜನರು ಬದುಕುತ್ತಾರೆ, ಬೇಸಾಯ ಮಾಡುತ್ತಾರೆ. ಭೂಮಿಯ ಬಹುಪಾಲು ಖಾಸಗಿಯವರದು. ವ್ಯತ್ಯಾಸವಿರುವುದು ಕಟ್ಟುವ ಅನುಮತಿಯಲ್ಲಿ.

ಡರ್ಬಿಶೈರ್ ಡೇಲ್ಸ್‌ನ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಉದ್ಯಾನದೊಳಗಿದೆ. ಗೆರೆ ಎಳೆಯುವಾಗ ಮ್ಯಾಟ್‌ಲಾಕ್, ವರ್ಕ್ಸ್‌ವರ್ತ್, ಆಶ್‌ಬರ್ನ್ ಹೊರಗುಳಿದವು. ದೊಡ್ಡ ಕಲ್ಲುಗಣಿಗಳಿರುವ ಬಕ್ಸ್‌ಟನ್ ಸುತ್ತಲಿನ ಜಾಗವನ್ನೂ ಬೇಕೆಂದೇ ಬಿಟ್ಟರು. ಒಳಗೆ ಬಂದ ಪೇಟೆಯೆಂದರೆ ಬೇಕ್‌ವೆಲ್ ಒಂದೇ. ಗೆರೆಯ ಒಳಗೆ ಮನೆ, ಅಂಗಡಿ, ಕೊಟ್ಟಿಗೆ, ಗಣಿ ಯಾವುದಕ್ಕೂ ಅನುಮತಿ ಉದ್ಯಾನ ಪ್ರಾಧಿಕಾರದ್ದು. ಗೆರೆಯ ಹೊರಗೆ ಮನೆಯ ಅನುಮತಿ ಡಿಸ್ಟ್ರಿಕ್ಟಿನದು, ಗಣಿಯ ಅನುಮತಿ ಕೌಂಟಿಯದು. ಪ್ರಾಧಿಕಾರದ ಸದಸ್ಯರಲ್ಲಿ ಕೆಲವರನ್ನು ಸುತ್ತಲಿನ ಕೌನ್ಸಿಲ್‌ಗಳು ತಮ್ಮ ಸದಸ್ಯರೊಳಗಿಂದ ಕಳಿಸುತ್ತವೆ, ಕೆಲವರನ್ನು ಮಂತ್ರಿ ನೇಮಿಸುತ್ತಾರೆ, ಪ್ಯಾರಿಷ್‌ಗಳ ಪ್ರತಿನಿಧಿಗಳೂ ಇರುತ್ತಾರೆ. ಆದರೆ ಪ್ರಾಧಿಕಾರಕ್ಕೆಂದೇ ಜನ ಮತ ಹಾಕಿ ಆರಿಸಿದವರು ಒಬ್ಬರೂ ಇಲ್ಲ. ಪ್ರಕೃತಿ ಮತ್ತು ಪರಂಪರೆಯ ರಕ್ಷಣೆ ಒಂದು ಗುರಿ, ಸಾರ್ವಜನಿಕರಿಗೆ ಅದನ್ನು ಸವಿಯುವ ಅವಕಾಶ ಇನ್ನೊಂದು. ಎರಡಕ್ಕೂ ತಿಕ್ಕಾಟ ಬಂದಾಗ ರಕ್ಷಣೆಗೇ ಹೆಚ್ಚು ತೂಕ ಕೊಡಬೇಕೆಂದು 1995ರ ಪರಿಸರ ಕಾಯ್ದೆ ವಿಧಿಸುತ್ತದೆ. ಅಲ್ಲಿನ ನಿವಾಸಿಗಳ ಆರ್ಥಿಕ, ಸಾಮಾಜಿಕ ಹಿತ ಮೂರನೆಯ ಗುರಿಯಲ್ಲ. ಮೊದಲೆರಡನ್ನು ಸಾಧಿಸುವಾಗ ಗಮನದಲ್ಲಿಡಬೇಕಾದ ಕರ್ತವ್ಯ, ಅಷ್ಟೇ.

ಪರಿಣಾಮ ಏನಾಯಿತೆಂದರೆ, ಹಳ್ಳಿಗಳು ಚೆಂದವಾಗಿ ಉಳಿದವು, ಮನೆಗಳು ಸ್ಥಳೀಯರ ಕೈಗೆಟುಕದಂತಾದವು. ಹೊಸ ಮನೆ ಕಟ್ಟಲು ಅವಕಾಶ ಬಹಳ ಕಡಿಮೆ; ಇರುವ ಕಲ್ಲಿನ ಮನೆಗಳನ್ನು ನಗರದವರು ನಿವೃತ್ತಿಗೋ ವಾರಾಂತ್ಯಕ್ಕೋ ಪ್ರವಾಸಿಗರಿಗೆ ಬಾಡಿಗೆ ಕೊಡಲೋ ಕೊಳ್ಳುತ್ತಾರೆ. ಇದಕ್ಕೆ ಉತ್ತರವಾಗಿ ಪ್ರಾಧಿಕಾರ, ಸ್ಥಳೀಯರ ಅಗತ್ಯಕ್ಕೆಂದು ಅನುಮತಿಸುವ ಹೊಸ ಮನೆಗಳಿಗೆ ಷರತ್ತೊಂದನ್ನು ಹಾಕುತ್ತದೆ: ಬರುವವರು ಹಿಂದಿನ 20 ವರ್ಷಗಳಲ್ಲಿ ಕನಿಷ್ಠ 10 ವರ್ಷ ಅದೇ ಪ್ಯಾರಿಷ್‌ನಲ್ಲೋ ಪಕ್ಕದ್ದರಲ್ಲೋ ಇದ್ದವರಾಗಿರಬೇಕು. ಬಡವರಿಗೆ ನೆರವು ಕೊಡಲು ಯಾರು ನಮ್ಮವರು ಎಂದು 17ನೇ ಶತಮಾನದ ಪ್ಯಾರಿಷ್ ಕೇಳುತ್ತಿದ್ದ ಪ್ರಶ್ನೆಯೇ ಇಲ್ಲಿ ಬೇರೆ ರೂಪದಲ್ಲಿ ಮರಳಿದೆ. ಉದ್ಯಾನದೊಳಗೆ ಕಟ್ಟಲಾಗದ ಮನೆಗಳ ಒತ್ತಡವೆಲ್ಲ ಗೆರೆಯ ಹೊರಗಿನ ಪೇಟೆಗಳ ಮೇಲೆ ಬೀಳುತ್ತದೆ. ಆಶ್‌ಬರ್ನ್‌ನ ಯುದ್ಧಕಾಲದ ಹಳೆಯ ವಿಮಾನನೆಲೆ, ಮ್ಯಾಟ್‌ಲಾಕ್‌ನ ಇಳಿಜಾರಿನ ಹೊಲಗಳು ವಿವಾದದ ಕೇಂದ್ರವಾಗುವುದು ಇದೇ ಕಾರಣಕ್ಕೆ. 2011ರ ಕಾಯ್ದೆಯ ನಂತರ ಪ್ಯಾರಿಷ್‌ಗಳು ತಮ್ಮ ನೆರೆಹೊರೆಯ ಯೋಜನೆ ಬರೆದು ಜನಮತಕ್ಕೆ ಇಡಬಹುದು. ವರ್ಕ್ಸ್‌ವರ್ತ್ ಹಾಗೆ ಮಾಡಿತು. ಎಲ್ಲಿ, ಹೇಗೆ ಕಟ್ಟಬೇಕು ಎಂಬುದರಲ್ಲಿ ಅದಕ್ಕೆ ಬೆಲೆಯಿದೆ. ಮೇಲಿನ ಯೋಜನೆ ನಿಗದಿಪಡಿಸಿದ್ದಕ್ಕಿಂತ ಕಡಿಮೆ ಮನೆ ಕಟ್ಟುತ್ತೇವೆ ಎನ್ನಲು ಮಾತ್ರ ಅದಕ್ಕೆ ಅಧಿಕಾರವಿಲ್ಲ.

ಒಂದು ಬಿಲ್ಲು, ಹಲವರ ಪಾಲು

ಪ್ರತಿ ಮನೆಗೂ ಕೌನ್ಸಿಲ್ ತೆರಿಗೆಯ ಬಿಲ್ಲು ಕಳಿಸುವುದು ಡಿಸ್ಟ್ರಿಕ್ಟ್. ಆದ್ದರಿಂದ ತೆರಿಗೆ ಹೆಚ್ಚಾದಾಗ ಬೈಗುಳ ತಿನ್ನುವುದೂ ಅದೇ. ವಾಸ್ತವದಲ್ಲಿ ಆ ಹಣದಲ್ಲಿ ಹತ್ತಕ್ಕೆ ಏಳರಷ್ಟು ಕೌಂಟಿಗೆ ಹೋಗುತ್ತದೆ. ಪೊಲೀಸ್, ಅಗ್ನಿಶಾಮಕ, ಪ್ಯಾರಿಷ್‌ಗಳ ಪಾಲು ಕಳೆದರೆ ಡಿಸ್ಟ್ರಿಕ್ಟಿಗೆ ಉಳಿಯುವುದು ಸುಮಾರು ಹತ್ತನೆಯ ಒಂದು ಪಾಲು. 1993ರಲ್ಲಿ ಜಾರಿಗೆ ಬಂದ ಈ ತೆರಿಗೆ ಮನೆಗಳನ್ನು ಎಂಟು ಶ್ರೇಣಿಗಳಾಗಿ ವಿಂಗಡಿಸುತ್ತದೆ. ಶ್ರೇಣಿಗೆ ಆಧಾರ 1991ರ ಏಪ್ರಿಲ್‌ನಲ್ಲಿ ಆ ಮನೆಗೆ ಇದ್ದ ಬೆಲೆ. ಇಂಗ್ಲೆಂಡಿನಲ್ಲಿ ಅಂದಿನಿಂದ ಮರುಮೌಲ್ಯಮಾಪನವೇ ಆಗಿಲ್ಲ. ನಡುವಿನ ಡಿ ಶ್ರೇಣಿ 68,000 ಪೌಂಡಿನಿಂದ 88,000ದ ವರೆಗೆ. ಅತಿ ಮೇಲಿನ ಶ್ರೇಣಿಯವರು ಅದರ ಎರಡರಷ್ಟು ಮಾತ್ರ ಕಟ್ಟುತ್ತಾರೆ, ಮನೆಯ ಬೆಲೆ ಹತ್ತು ಪಟ್ಟಿದ್ದರೂ ಸರಿಯೇ. ಎರಡನೆಯ ಮನೆಗಳ ಮೇಲೆ ತೆರಿಗೆಯನ್ನು ಇಮ್ಮಡಿ ಮಾಡುವ ಅಧಿಕಾರ ಕೌನ್ಸಿಲ್‌ಗಳಿಗೆ 2025ರ ಏಪ್ರಿಲ್‌ನಿಂದ ಸಿಕ್ಕಿದೆ.

ಕೌಂಟಿ ಮತ್ತು ಡಿಸ್ಟ್ರಿಕ್ಟುಗಳು ವರ್ಷಕ್ಕೆ ಇಂತಿಷ್ಟು ಶೇಕಡಾಕ್ಕಿಂತ ಹೆಚ್ಚು ತೆರಿಗೆ ಏರಿಸಬೇಕಾದರೆ ಜನಮತಗಣನೆ ನಡೆಸಬೇಕು. ಪ್ಯಾರಿಷ್‌ಗಳಿಗೆ ಇದುವರೆಗೆ ಆ ಮಿತಿ ಇಲ್ಲ. ಹಣದ ಬರದಲ್ಲಿರುವ ಮೇಲಿನ ಸಂಸ್ಥೆಗಳು ಸಾರ್ವಜನಿಕ ಶೌಚಾಲಯ, ಉದ್ಯಾನ, ಹುಲ್ಲು ಕತ್ತರಿಸುವ ಕೆಲಸಗಳನ್ನು ಪ್ಯಾರಿಷ್‌ಗಳ ಕಡೆಗೆ ನೂಕುವ ಪ್ರವೃತ್ತಿ ದೇಶದಾದ್ಯಂತ ಬೆಳೆದಿರುವುದಕ್ಕೆ ಈ ಸಣ್ಣ ವಿನಾಯಿತಿಯೂ ಒಂದು ಕಾರಣ.

ಡಿಸ್ಟ್ರಿಕ್ಟ್ ಇಲ್ಲದ ನಾಳೆ

2024ರ ಡಿಸೆಂಬರಿನಲ್ಲಿ ಸರ್ಕಾರ ಹೊರಡಿಸಿದ ಶ್ವೇತಪತ್ರ ಈ ಎರಡು ಸ್ತರಗಳ ವ್ಯವಸ್ಥೆಯನ್ನೇ ಮುಗಿಸಲು ಹೊರಟಿದೆ. ಕೌಂಟಿ ಮತ್ತು ಡಿಸ್ಟ್ರಿಕ್ಟುಗಳನ್ನು ರದ್ದುಮಾಡಿ, ಎರಡರ ಕೆಲಸವನ್ನೂ ಮಾಡುವ ಒಂದೇ ಕೌನ್ಸಿಲ್ ಸ್ಥಾಪಿಸುವುದು ಅದರ ಉದ್ದೇಶ. ಇದು ಹೊಸ ಪ್ರಯೋಗವಲ್ಲ. ಕಾರ್ನ್‌ವಾಲ್, ವಿಲ್ಟ್‌ಶೈರ್, ಶ್ರಾಪ್‌ಶೈರ್‌ಗಳಲ್ಲಿ 2009ರಲ್ಲೇ ಆಯಿತು. 2023ರ ಏಪ್ರಿಲ್‌ನಲ್ಲಿ ನಾರ್ತ್ ಯಾರ್ಕ್‌ಶೈರ್‌ನ ಕ್ರೇವನ್, ರೈಡೇಲ್, ರಿಚ್‌ಮಂಡ್‌ಶೈರ್ ಮುಂತಾದ ಹಳ್ಳಿಗಾಡಿನ ಡಿಸ್ಟ್ರಿಕ್ಟುಗಳು ಕಣ್ಮರೆಯಾದವು. ಡರ್ಬಿಶೈರ್‌ನಲ್ಲಿ ತಕರಾರು ಗೆರೆಯದ್ದು: ಡರ್ಬಿ ನಗರ 1997ರಿಂದ ಪ್ರತ್ಯೇಕವಾಗಿದೆ, ಉಳಿದ ಕೌಂಟಿಯನ್ನು ಒಂದಾಗಿ ಇಡಬೇಕೇ ಅಥವಾ ನಗರವನ್ನೂ ಸೇರಿಸಿಕೊಂಡು ಉತ್ತರ, ದಕ್ಷಿಣ ಎಂದು ಎರಡಾಗಿಸಬೇಕೇ? ಪ್ರಸ್ತಾವಗಳನ್ನು ಸಲ್ಲಿಸಲು 2025ರ ನವೆಂಬರ್ ಕೊನೆಯ ಗಡುವಿತ್ತು. ಹೊಸ ಕೌನ್ಸಿಲ್‌ಗಳು 2028ರ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಬೇಕೆಂಬುದು ಸರ್ಕಾರದ ಗುರಿ. ಅದರ ಮೇಲೆ ಡರ್ಬಿಶೈರ್, ನಾಟಿಂಗ್‌ಹ್ಯಾಮ್‌ಶೈರ್, ಡರ್ಬಿ, ನಾಟಿಂಗ್‌ಹ್ಯಾಮ್ ನಾಲ್ಕಕ್ಕೂ ಸೇರಿದ ಸಂಯುಕ್ತ ಪ್ರಾಧಿಕಾರ ಈಗಾಗಲೇ ಇದೆ; ಅದರ ಮೊದಲ ಮೇಯರ್ ಆಗಿ ಕ್ಲೇರ್ ವಾರ್ಡ್ 2024ರ ಮೇ ತಿಂಗಳಲ್ಲಿ ಆಯ್ಕೆಯಾದರು.

ಒಂದೇ ಕೌನ್ಸಿಲ್ ಬಂದರೆ ಯಾರಿಗೆ ದೂರು ಕೊಡಬೇಕೆಂಬ ಗೊಂದಲ ಕಡಿಮೆಯಾಗುತ್ತದೆ, ಕಸ ಎತ್ತುವುದೂ ವಿಲೇವಾರಿಯೂ ಒಂದೇ ಕೈಗೆ ಬರುತ್ತದೆ; ಇದು ನಿಜವಾದ ಲಾಭ. ನಷ್ಟವೂ ಅಷ್ಟೇ ನಿಜ. ಶ್ವೇತಪತ್ರ ಸೂಚಿಸಿದ ಅಳತೆ ಐದು ಲಕ್ಷ ಜನರ ಆಸುಪಾಸಿನದು. ಎಪ್ಪತ್ತು ಸಾವಿರ ಜನರ ಮಾತಿಗೆ 34 ಸದಸ್ಯರಿದ್ದ ಕಡೆ ಕೆಲವೇ ಸದಸ್ಯರು ಉಳಿಯುತ್ತಾರೆ. ಡಿಸ್ಟ್ರಿಕ್ಟ್ ಕಟ್ಟಿಸಿದ ಬೇಕ್‌ವೆಲ್‌ನ ದನಕುರಿ ಸಂತೆಯ ಕಟ್ಟಡ, ಪೇಟೆಗಳ ಪಾರ್ಕಿಂಗ್ ಮೈದಾನಗಳು, ಅವುಗಳ ಆದಾಯ ಎಲ್ಲವೂ ಹೊಸ ದೊಡ್ಡ ಕೌನ್ಸಿಲಿನ ಆಸ್ತಿಯಾಗುತ್ತವೆ. ಅವುಗಳಲ್ಲಿ ಯಾವುದನ್ನು ಟೌನ್ ಕೌನ್ಸಿಲ್‌ಗಳಿಗೆ ಮೊದಲೇ ವರ್ಗಾಯಿಸಿಕೊಳ್ಳಬಹುದು ಎಂಬುದು ಇಂಥ ಪುನಾರಚನೆಯ ಹೊತ್ತಿನಲ್ಲಿ ಪೇಟೆಗಳು ಮೊದಲು ಕೇಳುವ ಪ್ರಶ್ನೆ. ಪ್ಯಾರಿಷ್‌ಗಳನ್ನು ಶ್ವೇತಪತ್ರ ಮುಟ್ಟಿಲ್ಲ, ರಾಷ್ಟ್ರೀಯ ಉದ್ಯಾನದ ಗೆರೆಯನ್ನೂ ಮುಟ್ಟಿಲ್ಲ. 2028ರ ನಂತರವೂ ಬೇಕ್‌ವೆಲ್‌ನ ನಿವಾಸಿ ಮನೆಗೆ ಕೋಣೆ ಸೇರಿಸಲು ಉದ್ಯಾನ ಪ್ರಾಧಿಕಾರಕ್ಕೇ ಅರ್ಜಿ ಹಾಕಬೇಕು, ಮತ್ತು ಆ ಅರ್ಜಿಯ ಬಗ್ಗೆ ಟೌನ್ ಕೌನ್ಸಿಲಿನ ಅಭಿಪ್ರಾಯ ಕೇಳುವುದು ಕಡ್ಡಾಯವೇ ಹೊರತು ಒಪ್ಪುವುದು ಕಡ್ಡಾಯವಲ್ಲ.